ಶನಿವಾರ ಬಂದ ಗಡ್ಡೆ

ಮಾರ್ಚ್ 6

ಪುಟ್ಟೀ,

ನಿಮ್ಮ ಆಸ್ಪತ್ರೆಯಿಂದ ಹೊರಟು ಮನೆ ಮುಟ್ಟಿದೆವು. ಬಸ್ಸಿನಲ್ಲಿ ಯಾರ ಮೊಣಕೈಯೂ ನನಗೆ ತಾಗಬಾರದೆಂದು ನಿನ್ನ ಭಾವ ಪಕ್ಕದಲ್ಲಿ ಗೋಡೆಯ ಹಾಗೆ ಕೂತಿದ್ದರು. ಕೊನೆಗೆ ನಿದ್ದೆ ಹತ್ತಿ ನನ್ನ ಹೊಲಿಗೆಯ ಮೇಲೆ ಒರಗಿದವರು ಅವರೇ. ನಾನು ಕಿರುಚಿದ ರಭಸಕ್ಕೆ ಡ್ರೈವರ್ ಬ್ರೇಕ್ ಹಾಕಿದ. ಅವತ್ತಿನಿಂದ ಮನೆಯಲ್ಲಿ ತಪ್ಪಿತಸ್ಥರ ಮುಖ ಹೊತ್ತುಕೊಂಡು ಪಾತ್ರೆ ತೊಳೆಯುತ್ತಿದ್ದಾರೆ. ನೋವೇನೂ ಇಲ್ಲ ಎಂದು ನಾನು ಇನ್ನೂ ಹೇಳಿಲ್ಲ. ಸಿಕ್ಕಿದ್ದು ಲಾಭ.

ಫೋನ್ ಮಾಡಬೇಡ ಎಂದೆನೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಡಾಕ್ಟರ್ ಆಗಿಬಿಡುತ್ತೀಯ. "ಜ್ವರ ಇದ್ಯಾ, ಗಾಯ ಸೋರ್ತಿದ್ಯಾ, ಮಾತ್ರೆ ತಗೊಂಡ್ಯಾ" ಅಷ್ಟಕ್ಕೆ ಮಾತು ಮುಗಿಯಿತು. ಮೇಲಾಗಿ ನಿನ್ನ ಭಾವ ಸ್ಪೀಕರ್ ಹಾಕಿ ಮಧ್ಯೆ ಬಾಯಿ ತೂರಿಸುತ್ತಾರೆ. ಹಾಸ್ಟೆಲಿನಲ್ಲಿದ್ದಾಗ ಪುಟಗಟ್ಟಲೆ ಬರೆಯುತ್ತಿದ್ದೆಯಲ್ಲ, ಹಾಗೆ ಬರೆ.

ನಿನ್ನೆ ಅಂಗಡಿ ತೆರೆದು ಸ್ವಲ್ಪ ಹೊತ್ತು ಕೂತಿದ್ದೆ. ಕನ್ನಡಕದ ಮೇಲೆ ಕೂರುವುದನ್ನೇ ಉದ್ಯೋಗ ಮಾಡಿಕೊಂಡಿರುವ ಹೆಡ್‌ಮೇಷ್ಟ್ರು ಮತ್ತೆ ಕಡ್ಡಿ ಮುರಿದುಕೊಂಡು ಬಂದಿದ್ದರು. "ಏನಮ್ಮಾ, ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದರು. "ಆಪರೇಷನ್ ಮಾಡ್ದೋರು ಯಾರೋ. ಆದ್ರೆ ಹೊರಗೆ ಬಂದ ಗಡ್ಡೆ ಹೋಗಿದ್ದು ನನ್ನ ತಂಗಿ ಕೈಗೆ. ಅವಳೇ ಕೊಯ್ದು ನೋಡೋದು. ನಂಗ್ಯಾಕೆ ಹೆದರಿಕೆ?" ಎಂದೆ. ಬೀದಿಯವರಿಗೆಲ್ಲ ಇದನ್ನೇ ಹೇಳಿಕೊಂಡು ಓಡಾಡುತ್ತಿದ್ದೇನೆ. ಅಮ್ಮ ಹೋದ ಮೇಲೆ ನಿನ್ನ ತಲೆಯ ಹೇನು ಹೆಕ್ಕಿದವಳು ನಾನು, ನನ್ನ ಗಡ್ಡೆ ಹೆಕ್ಕುವ ಸರದಿ ನಿನ್ನದು.

ಈಗ ಹೇಳು. ಅದು ಹೇಗಿತ್ತು? ಅಷ್ಟು ದಿನ ನನ್ನ ಮೈಯಲ್ಲಿದ್ದದ್ದು, ನಾನೇ ನೋಡಲಿಲ್ಲ. ಅಂಥದ್ದು ಕೈಗೆ ಬಂದರೆ ನೀವು ಏನು ಮಾಡುತ್ತೀರಿ? ಕನ್ನಡಕದ ಅಂಗಡಿಯವಳಿಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ಅಕ್ಕ

*

ಮಾರ್ಚ್ 19

ಅಕ್ಕಾ,

ವರದಿ ಬಂತು. ನಕಲನ್ನು ಭಾವನಿಗೆ ಕಳಿಸಿದ್ದೇನೆ. ಅದನ್ನು ಓದಿ ನೀವಿಬ್ಬರೂ ಗಾಬರಿಯಾಗುವ ಮುಂಚೆ ನಾನೇ ಹೇಳುತ್ತೇನೆ.

ಗಡ್ಡೆ ಎಂದರೆ ಹೊರಗಿನಿಂದ ಬಂದದ್ದಲ್ಲ. ನಿನ್ನದೇ ಮೈಯ ಕೋಶಗಳು, ನಿಲ್ಲಬೇಕಾದಾಗ ನಿಲ್ಲದೆ ಹೆಚ್ಚುತ್ತ ಹೋದವು. ಹಾಗೆಂದು ಎಲ್ಲ ಗಡ್ಡೆಗಳ ಸ್ವಭಾವವೂ ಒಂದೇ ಅಲ್ಲ. ಸ್ತನದ ಗಡ್ಡೆಗಳಲ್ಲಿ ಹೆಚ್ಚಿನವು ಮೈಯ ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಹಾರ್ಮೋನನ್ನು ಹಿಡಿದುಕೊಳ್ಳಲು ಅವುಗಳ ಕೋಶದಲ್ಲಿ ಗ್ರಾಹಕ ಎನ್ನುವ ಪ್ರೋಟೀನ್ ಇರುತ್ತದೆ. ಅದಿದ್ದರೆ ಚಿಕಿತ್ಸೆ ಸುಲಭ. ದಿನಕ್ಕೊಂದು ಮಾತ್ರೆ ಕೊಟ್ಟು ಹಾರ್ಮೋನ್ ಸಿಗದ ಹಾಗೆ ಮಾಡಿದರೆ ಉಳಿದ ಕೋಶಗಳು ಸೊರಗುತ್ತವೆ. ಅದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಬಣ್ಣದ ಪರೀಕ್ಷೆ ಮಾಡುತ್ತೇವೆ. ಇದ್ದರೆ ಕಂದು ಬಣ್ಣ ಹಿಡಿಯುತ್ತದೆ.

ನಿನ್ನದರಲ್ಲಿ ಹಿಡಿಯಲಿಲ್ಲ. ಇಂಥ ಮೂರು ಪ್ರೋಟೀನುಗಳಿಗೆ ಪರೀಕ್ಷೆ ಮಾಡುತ್ತೇವೆ, ನಿನ್ನದರಲ್ಲಿ ಮೂರೂ ಇಲ್ಲ. ಗಡ್ಡೆಯ ನಡುಭಾಗ ಸತ್ತ ಹಾಗಿದೆ ಎಂದೂ ನಮ್ಮ ಹಿರಿಯ ಡಾಕ್ಟರು ಬರೆದಿದ್ದಾರೆ. ಬೇಗ ಬೇಗ ಬೆಳೆಯುವ ಗಡ್ಡೆಗಳಲ್ಲಿ ಹಾಗಾಗುವುದುಂಟು. ಇಂಥದಕ್ಕೆ ಮಾತ್ರೆ ನಾಟುವುದಿಲ್ಲ, ಕೀಮೋ ಕೊಡಬೇಕು. ನಿನ್ನ ಊರಿನಲ್ಲೇ ಕ್ಯಾನ್ಸರ್ ಡಾಕ್ಟರಮ್ಮ ಒಬ್ಬರಿದ್ದಾರೆ, ಅವರ ಜೊತೆ ಮಾತಾಡಿದ್ದೇನೆ. ಮೂರು ವಾರಕ್ಕೊಮ್ಮೆ, ಆರು ಸಲ. ಕೂದಲು ಹೋಗುತ್ತದೆ, ಮತ್ತೆ ಬರುತ್ತದೆ. ಸುಸ್ತಾಗುತ್ತದೆ. ಅದಾದ ಮೇಲೆ ಕಿರಣ ಚಿಕಿತ್ಸೆ. ಅದು ಹೇಗಿದ್ದರೂ ಕೊಡಲೇಬೇಕಿತ್ತು.

ನೀನು ಕೇಳಿದ್ದು ಇನ್ನೊಂದು. ಹೌದು, ಅದು ಮೊದಲು ಬಂದದ್ದು ನನ್ನ ಕೈಗೇ. ಸಾಮಾನ್ಯವಾಗಿ ಗಡ್ಡೆ ಬಂದ ಕೂಡಲೇ ಅಳತೆ ತೆಗೆದು, ಬ್ರೆಡ್ಡಿನ ಹಾಗೆ ಹೋಳು ಮಾಡಿ ಫಾರ್ಮಲಿನ್‌ನಲ್ಲಿ ಹಾಕುತ್ತೇವೆ. ಫಾರ್ಮಲಿನ್ ಮಾಂಸ ಕೆಡದಂತೆ ಹಿಡಿದಿಡುವ, ಆದರೆ ನಿಧಾನವಾಗಿ ಇಳಿಯುವ ದ್ರವ. ಇಡಿಯಾಗಿ ಹಾಕಿದರೆ ಹೊರಗಿನದಷ್ಟೇ ಗಟ್ಟಿಯಾಗಿ ಉಳಿಯುತ್ತದೆ, ಒಳಗಿನದು ಕೆಡುತ್ತದೆ. ಆಮೇಲೆ ಮೇಣದಲ್ಲಿ ಅಚ್ಚು ಹಾಕಿ, ಉಗುರಿಗಿಂತ ತೆಳ್ಳಗೆ ಹೆರೆದು, ಗಾಜಿನ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಸ್ವಂತದವರ ವರದಿಯನ್ನು ಸ್ವಂತದವರು ಬರೆಯಬಾರದೆಂಬ ನಿಯಮವಿದೆ, ಹಾಗಾಗಿ ಹಿರಿಯ ಡಾಕ್ಟರು ಬರೆದರು.

ನೋಡಲು ಬೆಳ್ಳಗಿತ್ತು ಅಕ್ಕಾ, ಗಟ್ಟಿಯಾಗಿತ್ತು. ಅಷ್ಟೇ.

ಬೀದಿಯಲ್ಲೆಲ್ಲ ನನ್ನನ್ನು ಹೊಗಳಿಕೊಂಡು ಓಡಾಡಬೇಡ. ಕ್ಷಮಿಸು, ಇಂಥ ಸುದ್ದಿ ನನ್ನ ಕೈಯಿಂದ ಬರಬಾರದಿತ್ತು.

ನಿನ್ನ ಪುಟ್ಟಿ

*

ಏಪ್ರಿಲ್ 30

ಪುಟ್ಟೀ,

ಮೊದಲನೆಯ ಕೀಮೋ ಮುಗಿಯಿತು, ನಾನು ಮುಗಿಯಲಿಲ್ಲ. ವಾಂತಿ, ಸುಸ್ತು, ಬಾಯಲ್ಲಿ ಕಬ್ಬಿಣ ಚೀಪಿದ ರುಚಿ. ಕೂದಲು ಬಾಚಣಿಗೆಯ ಜೊತೆಗೇ ಹೊರಟುಹೋಯಿತು. ಆದರೆ ಒಂದು ವಿಷಯ ಹೇಳುತ್ತೇನೆ, ಬೋಳು ತಲೆಯ ಮೇಲೆ ಕನ್ನಡಕ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ? ಕಡ್ಡಿಗೆ ಕೂದಲು ಸಿಕ್ಕಿಕೊಳ್ಳುವ ರಗಳೆಯೇ ಇಲ್ಲ. ಇಷ್ಟು ವರ್ಷ ಗಿರಾಕಿಗಳಿಗೆ ಹೇಳದೆ ಹೋದೆನಲ್ಲ ಅನ್ನಿಸಿತು.

ಕೀಮೋ ಕೋಣೆಯಲ್ಲಿ ಒಂದೇ ಸಾಲಿನಲ್ಲಿ ಒರಗು ಕುರ್ಚಿಗಳು. ನನ್ನ ಪಕ್ಕದಲ್ಲಿ ಬಸ್ ಕಂಡಕ್ಟರ್ ಒಬ್ಬಳು ಕೂರುತ್ತಾಳೆ. ಅವಳ ಗಡ್ಡೆ ನಿನ್ನ ಆ ಹಾರ್ಮೋನಿನ ಜಾತಿಯದು, ಆದರೆ ಕಂಕುಳಿನವರೆಗೂ ಹರಡಿದ್ದರಿಂದ ಕೀಮೋನೂ ಬೇಕಾಯಿತಂತೆ. "ನಿಮ್ದೇನು?" ಎಂದು ಕೇಳಿದಳು. "ನಂದಕ್ಕೆ ಮೂರೂ ಇಲ್ವಂತೆ" ಎಂದೆ. ಪಾಪ, ಏನೋ ಬಡತನದ ವಿಷಯ ಎಂದುಕೊಂಡು ನನ್ನ ಕೈ ಹಿಡಿದುಕೊಂಡಳು. ನಕ್ಕು ನಕ್ಕು ಸೂಜಿ ಜಾರಿ ನರ್ಸ್ ಹತ್ತಿರ ಬೈಸಿಕೊಂಡೆವು.

ಒಂದೇ ಒಂದು ಮಾತು ಕೇಳುತ್ತೇನೆ, ಆಮೇಲೆ ಕೇಳುವುದಿಲ್ಲ. ಇದು ಬೇಕೇ ಬೇಕಾ? ನಿನ್ನ ಭಾವ ಬೇರೆ ಕಡೆಯೂ ತೋರಿಸೋಣ ಎಂದರು. ನಾನೇ ಬೇಡವೆಂದೆ. "ಪುಟ್ಟಿಗಿಂತ ಹೆಚ್ಚು ಯಾರಿಗೆ ಗೊತ್ತು? ಅವಳ ಕೈಯಿಂದ ಬಂದ ಮಾತದು" ಎಂದು ಬಾಯಿ ಮುಚ್ಚಿಸಿದೆ. ನೀನು ಹೂಂ ಎಂದರೆ ಸಾಕು, ಆರನ್ನೂ ಮುಗಿಸುತ್ತೇನೆ.

ನಿನ್ನ ಅಕ್ಕ

*

ಮೇ 12

ಅಕ್ಕಾ,

ಹೂಂ, ಬೇಕು. ವರದಿಯ ಪ್ರಕಾರ ಬೇಕೇ ಬೇಕು.

ಇಲ್ಲಿ ಕೆಲಸ ವಿಪರೀತ. ಹೆಚ್ಚು ಬರೆಯಲಾಗುತ್ತಿಲ್ಲ. ಮೆತ್ತನೆಯ ಕೈಗವಸು, ಕಾಲುಚೀಲ ಕಳಿಸಿದ್ದೇನೆ, ಔಷಧಿ ಹೋಗುವಾಗ ತಣ್ಣಗೆ ಮಾಡಿ ಹಾಕಿಕೊಂಡರೆ ಬೆರಳಿಗೆ ಒಳ್ಳೆಯದು ಎನ್ನುತ್ತಾರೆ. ಬೆರಳಲ್ಲಿ ಜೋಮು ಬಂದರೆ ಡಾಕ್ಟರಮ್ಮನಿಗೆ ತಕ್ಷಣ ಹೇಳು. ನಿನ್ನ ಕೆಲಸವೇ ಬೆರಳಿನದು.

ಭಾವನಿಗೆ ನಮಸ್ಕಾರ ಹೇಳು. ಅವರು ಬೇರೆ ಕಡೆ ತೋರಿಸೋಣ ಎಂದರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪುಟ್ಟಿ

*

ಜೂನ್ 24

ಪುಟ್ಟೀ,

ಇದೇನು ಪತ್ರವೋ ಔಷಧಿ ಚೀಟಿಯೋ? 'ಭಾವನಿಗೆ ನಮಸ್ಕಾರ' ಅಂತೆ. ನಿನಗೆ ಏನೋ ಆಗಿದೆ. ನನ್ನ ಕಾಯಿಲೆಯನ್ನು ನೋಡಿ ನೀನು ಹೆದರಿದ್ದೀಯ ಎಂದುಕೊಂಡಿದ್ದೇನೆ.

ನಾಲ್ಕು ಕೀಮೋ ಮುಗಿದವು. ಜೋಮು ಬಂದೇ ಬಿಟ್ಟಿತು. ನಿನ್ನ ಕೈಗವಸು ಹಾಕಿಕೊಂಡೇ ಕೂತಿದ್ದೆ, ಆದರೂ ಬಂತು. ಕನ್ನಡಕದ ಸ್ಕ್ರೂ ಇರುತ್ತದಲ್ಲ, ಸಾಸಿವೆಯಷ್ಟು. ಹಿಡಿದಿದ್ದೇನೆ ಎಂದು ತಿರುಗಿಸಲು ಹೋದರೆ ಬೆರಳಲ್ಲಿ ಸ್ಕ್ರೂವೇ ಇರುವುದಿಲ್ಲ. ಬಿದ್ದದ್ದೂ ಗೊತ್ತಾಗುವುದಿಲ್ಲ. ಮೊನ್ನೆ ಹೆಡ್‌ಮೇಷ್ಟ್ರ ಗಾಜು ಕೈಯಿಂದ ಜಾರಿ ಎರಡು ಹೋಳಾಯಿತು. ಅವರು, "ಬಿಡಮ್ಮಾ, ನಾನೇ ಕೂತು ಮುರೀತಿದ್ದೆ, ಇವತ್ತು ಆ ಕೆಲಸಾನೂ ನೀನೇ ಮಾಡಿದೆ" ಎಂದರು. ನಗಿಸಲಿಕ್ಕೆ ಹೇಳಿದ್ದು. ಅವರು ಹೋದ ಮೇಲೆ ಬಾಗಿಲು ಎಳೆದುಕೊಂಡು ಅತ್ತೆ.

ಇನ್ನೊಂದು ವಿಷಯ ಇದೆ. ಇದನ್ನು ಹೇಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ. ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಗಡ್ಡೆ ಇರುವುದು ನನಗೆ ಎರಡು ವರ್ಷದ ಹಿಂದೆಯೇ ಗೊತ್ತಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತು, ಮಕ್ಕಳು ಆಡುವ ಗೋಲಿಯಷ್ಟು. ದಿನವೂ ಮುಟ್ಟಿ ನೋಡುತ್ತಿದ್ದೆ. ಎರಡು ವರ್ಷವೂ ಅಷ್ಟೇ ಇತ್ತು. ಬೆಳೆಯುತ್ತಿಲ್ಲವಲ್ಲ, ಇದ್ದರೆ ಇರಲಿ ಬಿಡು ಎಂದುಕೊಂಡೆ. ನಿನಗೆ ಹೇಳೋಣವೆಂದು ಎಷ್ಟೋ ಸಲ ಬಾಯಿಗೆ ಬಂದದ್ದು ನುಂಗಿದೆ. ಬೆಳಗಿನಿಂದ ಸಂಜೆಯವರೆಗೆ ನೀನು ಅದನ್ನೇ ನೋಡುತ್ತೀಯ, ಮನೆಯಿಂದಲೂ ಅದೇ ಬರಬೇಕಾ ಅನ್ನಿಸಿತು. ಅದು ನೆಪ. ನಿಜ ಹೇಳಬೇಕೆಂದರೆ ಹೆದರಿದ್ದೆ.

ನೀನು ಬೇಗ ಬೆಳೆಯುವ ಗಡ್ಡೆ ಎಂದು ಬರೆದಾಗಲೇ ಗೊತ್ತಾಯಿತು. ಸಾಧುವಾಗಿ ಕೂತಿದ್ದದ್ದನ್ನು ನಾನೇ ಎರಡು ವರ್ಷ ಬಿಟ್ಟು ಕೆಟ್ಟದ್ದು ಮಾಡಿಕೊಂಡೆ. ಈ ವಾಂತಿ, ಈ ಬೆರಳು, ನಿನ್ನ ಭಾವ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುವುದು, ಎಲ್ಲ ನಾನು ಕೈಯಾರೆ ತಂದದ್ದು. ಯಾರನ್ನು ಬೈಯಲಿ?

ನೀನಾದರೂ ನನ್ನನ್ನು ಬೈ. ಚೆನ್ನಾಗಿ ಬೈದು ಒಂದು ಪತ್ರ ಬರೆ.

ಅಕ್ಕ

*

ಜುಲೈ 18

ಪ್ರೀತಿಯ ಪುಟ್ಟಿಗೆ ನಿನ್ನ ಭಾವನ ಆಶೀರ್ವಾದ.

ನಿನ್ನ ಅಕ್ಕನಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ಐದನೆಯ ಕೀಮೋ ಆದ ಮೇಲೆ ಕೈಯಲ್ಲಿ ಲೋಟವೂ ನಿಲ್ಲುವುದಿಲ್ಲ. ಅಂಗಿಯ ಗುಂಡಿ ನಾನು ಹಾಕುತ್ತೇನೆ. "ಮದ್ವೆಯಾದಾಗಿಂದ ಒಂದಿನ ನಿಮ್ಮ ಗುಂಡಿ ನೀವೇ ಸರಿಯಾಗಿ ಹಾಕ್ಕೊಂಡಿಲ್ಲ, ಈಗ ನಂಗೆ ಹಾಕಕ್ಕೆ ಬಂದ್ರಿ" ಎಂದು ಬೈಯುತ್ತಾಳೆ. ಬೈಯುವ ಶಕ್ತಿ ಇದೆಯಲ್ಲ ಎಂದು ನನಗೆ ಸಮಾಧಾನ.

ಅಂಗಡಿಯನ್ನು ಬಿಟ್ಟುಕೊಟ್ಟಳು. ಎದುರು ಸಾಲಿನ ಕನ್ನಡಕದವನಿಗೆ. ಇಷ್ಟು ವರ್ಷ ಅವನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವಳು ತಾನೇ ಅವನನ್ನು ಕರೆಸಿ, ಗಾಜು ಉಜ್ಜುವ ಯಂತ್ರ, ಫ್ರೇಮಿನ ಕಪಾಟು, ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಎಲ್ಲ ಒಪ್ಪಿಸಿದಳು. ನಾನು ತಡೆದೆ. "ಬೆರಳೂ ಹೋಯ್ತು, ನಾನೂ ಹೋಗೋಳೇ. ಗಿರಾಕಿಗಳು ಅನಾಥರಾಗೋದು ಬೇಡ" ಎಂದಳು. ಇದು ನಡೆದದ್ದು ಹೋದ ವಾರ.

ಪುಟ್ಟೀ, ನಿನ್ನನ್ನು ಒಂದು ಮಾತು ಕೇಳಬೇಕು. ಅವಳು ಕೂತಲ್ಲಿ ನಿಂತಲ್ಲಿ "ನಂದೇ ತಪ್ಪು, ನಂದೇ ತಪ್ಪು" ಎನ್ನುತ್ತಾಳೆ. ಏನು ತಪ್ಪು ಎಂದರೆ ತುಟಿ ಬಿಚ್ಚುವುದಿಲ್ಲ. ನಿನಗೇನಾದರೂ ಗೊತ್ತೇ? ಅವಳು ನಿನ್ನ ಪತ್ರಕ್ಕಾಗಿ ಕಾಯುತ್ತಿದ್ದಾಳೆ. ಗೇಟಿನ ಸದ್ದಾದರೆ ಸಾಕು, ಕತ್ತು ಉದ್ದ ಮಾಡಿ ನೋಡುತ್ತಾಳೆ. ಒಂದು ತಿಂಗಳಾಗುತ್ತ ಬಂತು, ನೀನು ಒಂದು ಗೆರೆಯನ್ನೂ ಬರೆದಿಲ್ಲ. ಕೆಲಸ ಇರುತ್ತದೆ, ನನಗೆ ಗೊತ್ತು. ಆದರೂ ಬರೆ.

ನಿನ್ನ ಭಾವ

*

ಜುಲೈ 25

ಅಕ್ಕಾ,

ಭಾವ ಇದನ್ನು ಓದಿ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರೂ ಕೇಳಲಿ.

ಮೊದಲು ಇದು. ಆರನೆಯ ಕೀಮೋಗೆ ಹೋಗಬೇಡ. ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೇನೆ, ಅವರೂ ಬೇಡವೆಂದಿದ್ದಾರೆ. ನಿನ್ನ ಗಡ್ಡೆ ಹಾರ್ಮೋನ್ ಜಾತಿಯದು. ಕ್ಯಾನ್ಸರೇ ಹೌದು, ಆದರೆ ಸಾಧುವಾದದ್ದು, ಚಿಕ್ಕದು, ಎಲ್ಲೂ ಹರಡಿಲ್ಲ. ಅದಕ್ಕೆ ಕಿರಣ ಚಿಕಿತ್ಸೆ ಮತ್ತು ದಿನಕ್ಕೊಂದು ಮಾತ್ರೆ ಸಾಕು. ಮೊದಲಿನಿಂದಲೂ ಅಷ್ಟೇ ಸಾಕಿತ್ತು. ನಿನಗೆ ಕೊಟ್ಟ ಐದು ಕೀಮೋಗಳೂ ಬೇಕಿರಲಿಲ್ಲ.

ನೀನು ಎರಡು ವರ್ಷ ಮುಚ್ಚಿಟ್ಟದ್ದರಿಂದ ಅದು ಕೆಟ್ಟದ್ದಾಗಲಿಲ್ಲ. ಅದು ಕೆಟ್ಟದ್ದೇ ಆಗಿರಲಿಲ್ಲ. ತಪ್ಪಾದದ್ದು ಪರೀಕ್ಷೆ, ತಪ್ಪು ಮಾಡಿದವಳು ನಾನು.

ಆ ಶನಿವಾರ ಸಂಜೆ ಡ್ಯೂಟಿಯಲ್ಲಿ ಇದ್ದವಳು ನಾನೊಬ್ಬಳೇ. ಆಪರೇಷನ್ ಕೋಣೆಯಿಂದ ಡಬ್ಬಿ ಬಂತು. ಮೇಲೆ ನಿನ್ನ ಹೆಸರು. ಹಲಗೆಯ ಮೇಲೆ ಇಟ್ಟೆ, ಅಳತೆ ತೆಗೆದೆ, ಚಾಕು ಕೈಗೆ ತಗೊಂಡೆ. ಅದು ಇನ್ನೂ ಬೆಚ್ಚಗಿತ್ತು ಅಕ್ಕಾ. ದಿನಕ್ಕೆ ಎಷ್ಟು ಜನರದನ್ನು ಕೊಯ್ಯುತ್ತೇನೋ ಲೆಕ್ಕವಿಲ್ಲ, ಒಂದು ದಿನವೂ ಹಿಂಜರಿದದ್ದಿಲ್ಲ. ಅವತ್ತು ಕೊಯ್ಯಲಾಗಲಿಲ್ಲ. ಚಾಕು ಕೆಳಗಿಟ್ಟೆ. ಅದನ್ನು ಇಡಿಯಾಗಿ ಡಬ್ಬಿಗೆ ಹಾಕಿ, ಮೇಲೆ ಫಾರ್ಮಲಿನ್ ಸುರಿದು, ಮುಚ್ಚಳ ಬಿಗಿದು, ಸ್ವಂತದವರದನ್ನು ಮುಟ್ಟಬಾರದೆಂಬ ನಿಯಮವಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ನಿಯಮ ವರದಿ ಬರೆಯುವುದಕ್ಕೆ, ಕೊಯ್ಯುವುದಕ್ಕಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರ ಹೋಯಿತು, ಸೋಮವಾರ ರಜೆ. ಮಂಗಳವಾರ ನನ್ನ ಜೊತೆಗಾರ ಕೊಯ್ದ. ಅಷ್ಟರಲ್ಲಿ ನಡುಭಾಗ ಮೆತ್ತಗಾಗಿತ್ತು. ಗಡ್ಡೆಯೇ ಹಾಗೆ ಎಂದು ಅವನು ತಿಳಿದ. ಸ್ಲೈಡ್ ನೋಡಿದ ಹಿರಿಯ ಡಾಕ್ಟರೂ ಹಾಗೇ ತಿಳಿದರು. ಅದು ಗಡ್ಡೆಯ ಗುಣವಲ್ಲ, ಡಬ್ಬಿಯಲ್ಲಿ ಕೆಟ್ಟದ್ದು ಎಂದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಹೇಳಲಿಲ್ಲ. ಕೆಟ್ಟ ಭಾಗದಲ್ಲಿ ಗ್ರಾಹಕವೂ ಕೆಡುತ್ತದೆ, ಬಣ್ಣ ಹಿಡಿಯುವುದಿಲ್ಲ. ಮಾರ್ಚ್‌ನಲ್ಲಿ ಫಾರ್ಮಲಿನ್ ಬಗ್ಗೆ ನಿನಗೆ ಪಾಠ ಬರೆದೆನಲ್ಲ, ಆಗಲೂ ಅದು ಮನಸ್ಸಿನಲ್ಲಿತ್ತು. ಹೇಗಿದ್ದರೂ ಫಲಿತಾಂಶ ಇದೇ ಬರುತ್ತಿತ್ತು ಎಂದು ನಂಬಿಕೊಂಡೆ. ನಿನ್ನ ಸ್ಲೈಡನ್ನು ತೆಗೆದು ನೋಡಲಿಲ್ಲ. ನೋಡಿದರೆ ನಂಬಿಕೆ ಉಳಿಯುವುದಿಲ್ಲ ಎಂಬ ಹೆದರಿಕೆ ಇತ್ತು.

ನೀನು ಎರಡು ವರ್ಷದ ವಿಷಯ ಬರೆದೆ. ಮೂರೂ ಇಲ್ಲದ ಗಡ್ಡೆ ಎರಡು ವರ್ಷ ಗೋಲಿಯಷ್ಟೇ ಆಗಿ ಕೂರುವುದು ತೀರಾ ಅಪರೂಪ. ಓದಿದ ಕೂಡಲೇ ವರದಿ ತಪ್ಪಿರಬೇಕು ಎಂದು ತಿಳಿಯಿತು. ಆದರೂ ಸ್ಲೈಡ್ ತೆಗೆಯಲು ಒಂದು ವಾರ ತಡ ಮಾಡಿದೆ. ತೆಗೆದು ನೋಡಿದಾಗ ಗಡ್ಡೆಯ ನಡುವೆ ಸಿಕ್ಕಿಕೊಂಡಿದ್ದ ಹಾಲಿನ ನಾಳಗಳು ಕಂಡವು, ಆರೋಗ್ಯವಾದವು. ಅವು ಯಾರ ಮೈಯಲ್ಲಿದ್ದರೂ ಅಲ್ಲಲ್ಲಿ ಕಂದು ಬಣ್ಣ ಹಿಡಿಯಲೇಬೇಕು. ನಿನ್ನದರಲ್ಲಿ ಅವಕ್ಕೂ ಬಣ್ಣವಿರಲಿಲ್ಲ. ಅಂದರೆ ಪರೀಕ್ಷೆಯೇ ಕೆಟ್ಟಿತ್ತು. ಆ ದಿನವೇ ನಿನಗೆ ಫೋನ್ ಮಾಡಬೇಕಿತ್ತು. ಅಂಚಿನ ಭಾಗದ ಮೇಣದ ಅಚ್ಚು ಒಂದಿತ್ತು, ಅದು ಕೆಟ್ಟಿರಲಿಲ್ಲ. ಅದರಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಹಿರಿಯ ಡಾಕ್ಟರಿಗೆ ಕಾರಣ ಹೇಳಬೇಕಿತ್ತು. ಹೇಳಲು ಬಾಯಿ ಬರದೆ ಅವರ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಆ ನಡುವೆ ನಿನಗೆ ಐದನೆಯ ಕೀಮೋ ಹೋಯಿತು. ಆ ನಡುವೆಯೇ ನೀನು ಅಂಗಡಿ ಬಿಟ್ಟುಕೊಟ್ಟೆ. ಆ ಶನಿವಾರದ ತಪ್ಪಿಗೆ ಕೊಯ್ಯಲಾಗಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು, ಜುಲೈಯ ತಪ್ಪಿಗೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ.

ಕೊನೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನನ್ನ ಕರೀಬಹುದಿತ್ತಲ್ಲಮ್ಮಾ. ಮನೆ ಇಲ್ಲೇ ಇದೆ. ಐದು ನಿಮಿಷದ ಕೆಲಸ" ಎಂದರು. ಆಮೇಲೆ, "ಆ ನಾಳಗಳನ್ನ ನಾನೂ ನೋಡ್ಲಿಲ್ಲ, ನೋಡ್ಬೇಕಿತ್ತು" ಎಂದರು. ಅಂಚಿನ ಅಚ್ಚಿನ ಸ್ಲೈಡ್ ಬಂದಾಗ ಇಬ್ಬರೂ ಒಟ್ಟಿಗೆ ನೋಡಿದೆವು. ಎಲ್ಲ ಕಡೆ ಕಂದು. ಇಂಥ ಒಳ್ಳೆಯ ಸುದ್ದಿಯಿಂದ ನಾನು ಮುಖ ತಿರುಗಿಸಿಕೊಂಡೆ.

ಆಸ್ಪತ್ರೆಯಲ್ಲಿ ನನ್ನ ಮೇಲೆ ವಿಚಾರಣೆ ನಡೆಯುತ್ತದೆ. ನಡೆಯಲಿ. ನಿನ್ನ ಬೆರಳು ಎಷ್ಟು ವಾಪಸ್ ಬರುತ್ತದೆ ಎಂದು ಡಾಕ್ಟರಮ್ಮ ಹೇಳಲಾರರು, ನಾನೂ ಹೇಳಲಾರೆ. ಕೆಲವರಿಗೆ ತಿಂಗಳುಗಳು ಕಳೆದ ಮೇಲೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ.

ನೀನು ನನಗೆ ಬೈದು ಬರೆ ಎಂದು ಕೇಳಿದ್ದೆ. ಆ ಬೈಗುಳ ನನಗೆ ಸೇರಬೇಕಾದದ್ದು. ಕ್ಷಮಿಸು ಅಕ್ಕಾ. ಕ್ಷಮಿಸು.

ನಿನ್ನ ಪುಟ್ಟಿ

*

ಅಕ್ಟೋಬರ್ 9

ಪುಟ್ಟೀ,

ನಿನ್ನ ಪತ್ರವನ್ನು ನಿನ್ನ ಭಾವ ಗಟ್ಟಿಯಾಗಿ ಓದಿದರು. ಎರಡು ವರ್ಷದ ಮಾತು ಬಂದ ಕಡೆ ನಿಲ್ಲಿಸಿ ನನ್ನ ಮುಖ ನೋಡಿದರು. ಪೂರ್ತಿ ಓದಿ ಮುಗಿಸಿ ಹೊರಗೆ ಹೋದವರು ಕತ್ತಲಾದ ಮೇಲೆ ಬಂದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಗುಂಡಿ ಮಾತ್ರ ಹಾಕುತ್ತಿದ್ದರು. ಅದು ನಮ್ಮಿಬ್ಬರ ವಿಷಯ, ಸರಿ ಹೋಗಿದೆ.

ಕಿರಣ ಮುಗಿಯಿತು, ಮಾತ್ರೆ ನುಂಗುತ್ತಿದ್ದೇನೆ. ಎಲ್ಲರಿಗೂ ಸಂತೋಷವೋ ಸಂತೋಷ. "ಸಾಧು ಗಡ್ಡೆಯಂತೆ, ಇನ್ನೇನು ಭಯವಿಲ್ಲವಂತೆ" ಎಂದು ಬೀದಿಯವರು ಬಂದು ಕೈ ಕುಲುಕುತ್ತಾರೆ. ಕುಲುಕಿದ್ದು ನನಗೆ ಗೊತ್ತೇ ಆಗುವುದಿಲ್ಲ. ಮುಖ ಊದಿಸಿಕೊಂಡು ಕೂತಿರುವವಳು ನಾನೊಬ್ಬಳೇ. ನನಗೆ ಸಿಟ್ಟು ಬಂದಿದೆ ಪುಟ್ಟೀ. ಎಂಥ ಸಿಟ್ಟು ಎಂದರೆ ಇಷ್ಟು ದಿನ ನಿನ್ನ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ.

ಕೊಯ್ಯಲಾರದೆ ಹೋದೆಯಲ್ಲ, ಅದಕ್ಕಲ್ಲ. ನಿನಗೆ ಆರೇಳು ವರ್ಷವಿದ್ದಾಗ ಕಿವಿಯ ಹಿಂದೆ ಕುರು ಆಗಿತ್ತು. ಒತ್ತಿ ಕೀವು ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಇಳಿಯುತ್ತದೆ ಎಂದಿದ್ದರು. ಎಲ್ಲರ ಮಕ್ಕಳದನ್ನೂ ಒತ್ತುತ್ತಿದ್ದವಳಿಗೆ ನಿನ್ನದನ್ನು ಮುಟ್ಟಲು ಆಗಲಿಲ್ಲ. ನೀನು ಅಳುವ ಮುಂಚೆ ನಾನೇ ಅತ್ತೆ. ಆಮೇಲೆ ಪಕ್ಕದ ಮನೆಯಾಕೆಯನ್ನು ಕರೆದೆ. ಕರೆದೆ, ಪುಟ್ಟೀ. ನಿಮ್ಮ ಹಿರಿಯ ಡಾಕ್ಟರು ಹೇಳಿದ್ದೂ ಅದನ್ನೇ ಅಲ್ಲವಾ?

ನಾನು ಮುಚ್ಚಿಟ್ಟದ್ದೂ ತಪ್ಪು. ಅದನ್ನು ನಾನು ಹೊರುತ್ತೇನೆ. ಆದರೆ ನಿನ್ನದನ್ನೂ ನನ್ನ ತಲೆಯ ಮೇಲೆ ಹೊರಿಸಿ ಒಂದು ತಿಂಗಳು ಸುಮ್ಮನೆ ಕೂತೆ. ನಾನು ಗೇಟು ನೋಡಿಕೊಂಡು ಕೂತಿದ್ದೆ, ನೀನು ಬೈದು ಬರೆಯುತ್ತೀಯ, ಬೈಸಿಕೊಂಡು ಹಗುರಾಗುತ್ತೇನೆ ಎಂದು. ಆ ತಿಂಗಳಲ್ಲಿ ನಾನು ಸಾಯಲು ತಯಾರಾದೆ. ನನ್ನ ಬಟ್ಟೆಗಳನ್ನು ಯಾರಿಗೆ ಯಾವುದು ಎಂದು ಮಡಚಿಟ್ಟೆ. ಆ ಎದುರು ಸಾಲಿನವನಿಗೆ ಕೈಮುಗಿದು ಅಂಗಡಿ ಕೊಟ್ಟೆ. ಸಾಯುವವಳ ಧೈರ್ಯದಲ್ಲಿ ಕೊಟ್ಟದ್ದು. ಈಗ ಬದುಕುತ್ತೇನಂತೆ, ಬೆಳಗಾದರೆ ಎದ್ದು ಎಲ್ಲಿಗೆ ಹೋಗಲಿ? ಹೋದ ತಿಂಗಳು ಅವನ ಹತ್ತಿರ ಹೋಗಿ ಕೇಳಿದೆ. ಬೋರ್ಡು ಬದಲಾಯಿಸಿಯಾಗಿತ್ತು. "ನಿಮ್ಮ ಕೈ ಸರಿಯಾಗ್ಲಿ, ಆಮೇಲೆ ನೋಡೋಣಮ್ಮ" ಎಂದ. ಮರ್ಯಾದೆಯಿಂದಲೇ ಹೇಳಿದ. ಆ ಮರ್ಯಾದೆಯನ್ನು ಸಹಿಸುವುದೇ ಕಷ್ಟವಾಯಿತು.

ಕ್ಷಮಿಸು ಎಂದು ಕೇಳಿದ್ದೀಯ. ಇವತ್ತು ನನ್ನ ಹತ್ತಿರ ಅದಿಲ್ಲ. ಇಲ್ಲದ್ದನ್ನು ಇದೆ ಎಂದು ಬರೆದು ಕಳಿಸಲಾರೆ, ನಮ್ಮಿಬ್ಬರಲ್ಲಿ ಅಂಥ ವರದಿ ಒಂದು ಬಂದದ್ದು ಸಾಕು. ಮುಂದೆ ಹುಟ್ಟಬಹುದು. ನಿನ್ನನ್ನು ಬಿಟ್ಟು ಬದುಕಿ ನನಗೆ ಗೊತ್ತಿಲ್ಲ, ಹಾಗಾಗಿ ಹುಟ್ಟಿದರೂ ಹುಟ್ಟಬಹುದು.

ನೀನು ಇಲ್ಲಿಗೆ ಬಾ. ಎದುರು ಕೂರಿಸಿಕೊಂಡು ಬೈಯಬೇಕು. ಪತ್ರದಲ್ಲಿ ಬೈದರೆ ನೀನು ಮಡಚಿ ಒಳಗಿಡುತ್ತೀಯ. ಮಧ್ಯೆ ಬಾಯಿ ಹಾಕಕೂಡದು ಎಂದು ನಿನ್ನ ಭಾವನಿಗೆ ಹೇಳಿಯಾಗಿದೆ.

ಇದನ್ನು ಬರೆಯಲು ಶುರು ಮಾಡಿ ವಾರದ ಮೇಲಾಯಿತು. ನಿನ್ನ ಭಾವ, "ನೀನು ಹೇಳು, ನಾನು ಬರ್ಕೊಡ್ತೀನಿ" ಎಂದರು. ಬೇಡವೆಂದೆ. ಪೆನ್ನು ಬೆರಳಲ್ಲಿದೆಯೋ ಬಿದ್ದಿದೆಯೋ ಎಂದು ಕಣ್ಣಿಂದಲೇ ನೋಡಿಕೊಂಡು ಬರೆದಿದ್ದೇನೆ. ಕೆಲವು ಕಡೆ ಕಾಗದ ಹರಿದಿದೆ, ಕೆಲವು ಕಡೆ ಗೆರೆ ಪಕ್ಕದ ಸಾಲಿಗೆ ಹೋಗಿದೆ. ನನ್ನ ಅಕ್ಷರ ಹೇಗಿತ್ತು ಎಂದು ನಿನಗೆ ಗೊತ್ತು, ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನೇ. ಈಗ ಹೇಗಾಗಿದೆ ಎಂದು ನೋಡು. ಮುಖ ತಿರುಗಿಸದೆ, ಅವಸರ ಮಾಡದೆ, ಮೊದಲ ಸಾಲಿನಿಂದ ಒಂದೊಂದೇ ಅಕ್ಷರವನ್ನು ನೋಡು. ನೋಡಿ ಮುಗಿದ ಮೇಲೆ ಬಾ.

ನಿನ್ನ ಅಕ್ಕ